ಮಗುವಿನ ನಿದ್ದೆಗೆ ವಾಚ್ ಎಷ್ಟು ನಂಬಿಕಸ್ಥ ಸಾಕ್ಷಿ?

ಕೆಲವು ತಿಂಗಳ ಹಿಂದೆ ಜುಮಾ ಮುಗಿದ ಬಳಿಕ ಜಮಾಅತಿನ ಒಬ್ಬ ತಂದೆ ತಮ್ಮ ಮೊಬೈಲನ್ನು ನಮ್ಮ ಮುಂದೆ ಹಿಡಿದರು. ಹನ್ನೊಂದು ವರ್ಷದ ಮಗನ ಕೈಯಲ್ಲಿದ್ದ ಸ್ಮಾರ್ಟ್ ವಾಚ್, ಹುಡುಗ ರಾತ್ರಿ ಎಂಟೂವರೆ ಗಂಟೆ ನಿದ್ರಿಸಿದ್ದಾನೆ ಎಂದು ತೋರಿಸುತ್ತಿತ್ತು. "ಇಷ್ಟು ಮಲಗಿಯೂ ಮದ್ರಸದಲ್ಲಿ ತೂಕಡಿಸುತ್ತಾನೆ. ಇದು ಸೋಮಾರಿತನವಲ್ಲದೆ ಇನ್ನೇನು ಉಸ್ತಾದರೇ?" ಎಂದರು. ಹುಡುಗ ತಲೆ ತಗ್ಗಿಸಿ, "ರಾತ್ರಿ ಮತ್ತೆ ಮತ್ತೆ ಎಚ್ಚರವಾಗುತ್ತದೆ" ಎಂದ. ಈ ಮಾತನ್ನು ಅವನು ನಮಗೂ ಮೊದಲೇ ಹೇಳಿದ್ದ. ನಾವೂ ನಂಬದೆ ಗದರಿಸಿದ್ದೆವು. ಆ ದಿನ ಮನಸ್ಸಿಗೆ ಚುಚ್ಚಿತು. ಈ ವಾಚುಗಳು ನಿದ್ದೆಯನ್ನು ಹೇಗೆ ಅಳೆಯುತ್ತವೆ ಎಂದು ಓದಲು ಕುಳಿತೆವು.

ಮೊದಲು ತಿಳಿಯಬೇಕಾದದ್ದು, ವಾಚ್ ನಿದ್ದೆಯನ್ನು ನೋಡುವುದೇ ಇಲ್ಲ. ಅದು ನೋಡುವುದು ಕೈಯ ಚಲನೆಯನ್ನು. ಹೊಸ ವಾಚುಗಳು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ನಾಡಿಬಡಿತವನ್ನೂ ಎಣಿಸುತ್ತವೆ. ಕೈ ಅಲುಗದಿದ್ದರೆ, ನಾಡಿ ನಿಧಾನವಾದರೆ "ಮಲಗಿದ್ದಾನೆ" ಎಂದು ಲೆಕ್ಕ ಹಾಕುತ್ತವೆ. ಆದರೆ ನಿದ್ದೆ ನಡೆಯುವುದು ಮೆದುಳಿನಲ್ಲಿ. ಆಸ್ಪತ್ರೆಯ ಪಾಲಿಸಾಮ್ನೋಗ್ರಫಿ ಪರೀಕ್ಷೆಯಲ್ಲಿ ತಲೆಗೆ ತಂತಿ ಅಂಟಿಸಿ ಮೆದುಳಿನ ತರಂಗ, ಕಣ್ಣಿನ ಚಲನೆ, ಸ್ನಾಯುಗಳ ಬಿಗಿತ, ಉಸಿರಾಟ, ರಕ್ತದ ಆಮ್ಲಜನಕ ಎಲ್ಲವನ್ನೂ ಇಡೀ ರಾತ್ರಿ ದಾಖಲಿಸುತ್ತಾರೆ. ನಿಖರ ಅಳತೆ ಎಂದರೆ ಅದು.

ಹಾಗಾದರೆ ವಾಚ್ ಎಲ್ಲಿ ಎಡವುತ್ತದೆ? ನಿದ್ದೆಯನ್ನು ನಿದ್ದೆ ಎಂದು ಗುರುತಿಸುವುದರಲ್ಲಿ ಅದು ತಕ್ಕಮಟ್ಟಿಗೆ ಚೆನ್ನಾಗಿದೆ. ಎಚ್ಚರವನ್ನು ಎಚ್ಚರವೆಂದು ಗುರುತಿಸುವುದರಲ್ಲಿ ದುರ್ಬಲ. ಅಲುಗಾಡದೆ ಕಣ್ಣು ಬಿಟ್ಟು ಮಲಗಿದ ಮಗು ಅದರ ಲೆಕ್ಕದಲ್ಲಿ ನಿದ್ರಿಸುತ್ತಿರುತ್ತದೆ. ಇನ್ನು, ನಿದ್ದೆಯಲ್ಲೇ ಹೊರಳಾಡುವ ಮಗುವನ್ನು ಅದು ಎಚ್ಚರವೆಂದು ಬರೆದುಕೊಳ್ಳಬಹುದು.

"ಶೇಕಡಾ 90ರಷ್ಟು ನಿಖರ" ಎಂಬ ಮಾತಿಗೂ ಮರುಳಾಗಬಾರದು. ಮಗು 9 ಗಂಟೆ ಹಾಸಿಗೆಯಲ್ಲಿದ್ದು 8 ಗಂಟೆ ನಿದ್ರಿಸಿತು ಎನ್ನೋಣ. ಏನನ್ನೂ ಅಳೆಯದೆ ರಾತ್ರಿಯಿಡೀ "ನಿದ್ದೆ, ನಿದ್ದೆ" ಎನ್ನುವ ಒಂದು ಪೆಟ್ಟಿಗೆಯೂ ಶೇಕಡಾ 89ರಷ್ಟು ಸರಿಯಾಗಿರುತ್ತದೆ! ನಮಗೆ ಬೇಕಾದದ್ದು ಉಳಿದ ಆ ಒಂದು ಗಂಟೆಯ ಸುದ್ದಿ. ಅದನ್ನೇ ಅದು ಹೇಳುವುದಿಲ್ಲ.

2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 3ರಿಂದ 17 ವರ್ಷದ 63 ಮಕ್ಕಳ ನಿದ್ದೆಯನ್ನು ಫಿಟ್‌ಬಿಟ್ ಅಲ್ಟ್ರಾ ಎಂಬ ಸಾಧನ ಮತ್ತು ಪಾಲಿಸಾಮ್ನೋಗ್ರಫಿ ಎರಡರಿಂದಲೂ ಅಳೆದರು. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದು ನಿದ್ದೆಯನ್ನು ಸರಾಸರಿ 41 ನಿಮಿಷ ಹೆಚ್ಚು ತೋರಿಸಿತು. ಸೂಕ್ಷ್ಮ ಸೆಟ್ಟಿಂಗ್‌ನಲ್ಲಿ 105 ನಿಮಿಷ ಕಡಿಮೆ ತೋರಿಸಿತು. ಸಾಧನ ಒಂದೇ, ಸೆಟ್ಟಿಂಗ್ ಬದಲಾದರೆ ಮಗುವಿನ ನಿದ್ದೆಯೇ ಬದಲಾಗುತ್ತದೆ! ಅದು ಹಳೆಯ ಸಾಧನ, ಈಗಿನವು ಸುಧಾರಿಸಿವೆ. ಆದರೂ ಎಚ್ಚರವನ್ನು ಹಿಡಿಯುವ ದೌರ್ಬಲ್ಯ ಪೂರ್ತಿ ಹೋಗಿಲ್ಲ. "ಗಾಢ ನಿದ್ದೆ", "ಕನಸಿನ ನಿದ್ದೆ" ಎಂದು ಬಣ್ಣಬಣ್ಣದಲ್ಲಿ ತೋರಿಸುವ ಪಟ್ಟಿಗಳಂತೂ ಇನ್ನಷ್ಟು ಅಂದಾಜಿನವು.

ಹಾಗೆಂದು ವಾಚನ್ನು ಎಸೆಯಬೇಕಿಲ್ಲ. ಮಗು ಎಷ್ಟಕ್ಕೆ ಮಲಗುತ್ತದೆ, ಎಷ್ಟಕ್ಕೆ ಏಳುತ್ತದೆ, ರಜೆಯ ದಿನ ಎಷ್ಟು ಏರುಪೇರಾಗುತ್ತದೆ ಎಂಬ ವಾರಗಟ್ಟಲೆಯ ಚಿತ್ರಕ್ಕೆ ಅದು ಉಪಯುಕ್ತ. ಒಂದು ರಾತ್ರಿಯ ಅಂಕಿಯನ್ನು ಹಿಡಿದು ಮಗುವನ್ನು ವಿಚಾರಣೆಗೆ ನಿಲ್ಲಿಸಬೇಡಿ, ಅಷ್ಟೇ. ಅಂಕಿಯ ಚಿಂತೆಯಲ್ಲೇ ನಿದ್ದೆಗೆಡುವವರೂ ಇದ್ದಾರೆ. ಇದಕ್ಕೆ 2017ರಲ್ಲಿ ಸಂಶೋಧಕರು ಆರ್ಥೋಸೋಮ್ನಿಯಾ ಎಂಬ ಹೆಸರನ್ನೇ ಕೊಟ್ಟರು.

ಮನೆಯಲ್ಲಿ ಮಾಡಬಹುದಾದದ್ದು ಸುಲಭ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ದೀಪ ಆರಿಸಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರವಾದದ್ದು, ಹಗಲಿನ ತೂಕಡಿಕೆ ಬರೆದಿಡಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಅಕಾಡೆಮಿ ಹೇಳುತ್ತದೆ. ನೋಡಿ, ವಾಚಿನ ಮಾತನ್ನೇ ನಂಬಿದರೂ ಆ ಹುಡುಗನ ಎಂಟೂವರೆ ಗಂಟೆ ಕಡಿಮೆಯೇ ಆಗಿತ್ತು. ಸುಬಹಿಗೆ ಏಳಬೇಕಾದ ಮಗು ಇಶಾ ಬಳಿಕ ಬೇಗ ಮಲಗುವಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.

ಮಗು ಹೆಚ್ಚಿನ ರಾತ್ರಿಗಳಲ್ಲಿ ಗೊರಕೆ ಹೊಡೆದರೆ, ಬಾಯಿ ತೆರೆದು ಉಸಿರಾಡಿದರೆ, ಉಸಿರು ತಡೆದಂತೆ ಕಂಡರೆ, ವಾಚ್ ಏನೇ ಹೇಳಲಿ, ವೈದ್ಯರಿಗೆ ತೋರಿಸಿ. ಟಾನ್ಸಿಲ್, ಅಡಿನಾಯ್ಡ್ ಗ್ರಂಥಿ ಊದಿಕೊಂಡರೆ ಉಸಿರಿಗೆ ತಡೆಯಾಗಿ ನಿದ್ದೆ ತುಂಡುತುಂಡಾಗುತ್ತದೆ.

ಆ ಹುಡುಗನ ತಾಯಿಯನ್ನು ಕೇಳಿದಾಗ ಗೊರಕೆಯ ವಿಷಯ ಹೊರಬಂತು. ಈಗ ಕಿವಿ-ಮೂಗು-ಗಂಟಲು ತಜ್ಞರ ಚಿಕಿತ್ಸೆ ನಡೆಯುತ್ತಿದೆ. ಕೈಯ ಚಲನೆಯನ್ನಷ್ಟೇ ಕಂಡ ಸಾಕ್ಷಿಯನ್ನು ನಂಬಿ, ರಾತ್ರಿಯೆಲ್ಲ ಅನುಭವಿಸಿದ ಮಗುವಿನ ಮಾತನ್ನು ತಳ್ಳಿಹಾಕಿದ್ದು ನಮ್ಮ ತಪ್ಪು. ಅವನನ್ನು ಬಳಿಗೆ ಕರೆದು ಕ್ಷಮೆ ಕೇಳಿದೆವು. ನಿಮ್ಮ ಮನೆಯಲ್ಲೂ ಮಗು "ನಿದ್ದೆ ಬರಲಿಲ್ಲ" ಎಂದರೆ, ಮೊಬೈಲ್ ನೋಡುವ ಮೊದಲು ಮಗುವಿನ ಮುಖ ನೋಡಿ.