ತಕ್ಕಡಿಯ ಮುದ್ರೆಯೂ ರೈತನ ಆದಾಯವೂ

ಒಳ್ಳೆಯ ಬೀಜವನ್ನು ಬಿತ್ತಿ, ಕಾಲಕ್ಕೆ ನೀರು ಗೊಬ್ಬರಗಳನ್ನಿತ್ತು, ಅಧಿಕ ಫಸಲನ್ನು ಪಡೆದರೂ ತಕ್ಕಡಿಯಲ್ಲಿ ಅದನ್ನು ಕಳೆದುಕೊಂಡರೆ ರೈತನ ಶ್ರಮವು ವ್ಯರ್ಥವೇ ಸರಿ.

ಕಳೆದ ಸುಗ್ಗಿಯಲ್ಲಿ ಮಾನ್ವಿ ತಾಲ್ಲೂಕಿನ ಒಂದು ಗ್ರಾಮದ ಕಣದಲ್ಲಿ ಭತ್ತವನ್ನು ತೂಗುತ್ತಿದ್ದಾಗ ನಾನು ಅಲ್ಲಿದ್ದೆನು. ಸಂಶಯಗೊಂಡ ಹಿರಿಯ ರೈತರೊಬ್ಬರು ಸರಕಾರದ ಮುದ್ರೆಯುಳ್ಳ 20 ಕಿಲೋಗ್ರಾಮಿನ ತೂಕದ ಕಲ್ಲನ್ನು ತರಿಸಿ ವ್ಯಾಪಾರಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಡಿಸಿದರು. ಅದು ಹತ್ತೊಂಬತ್ತೂವರೆಯನ್ನೇ ತೋರಿಸಿತು. ಈ ಅರ್ಧ ಕಿಲೋ ಅಲ್ಪವೆಂದು ತೋರಬಹುದು. ಆದರೆ 75 ಕಿಲೋಗ್ರಾಮಿನ 100 ಚೀಲಗಳಿಗೆ ಲೆಕ್ಕ ಹಾಕಿದರೆ ಎರಡೂವರೆ ಚೀಲ ಭತ್ತವು ನಷ್ಟವಾಗುವುದು.

ಸೇರು, ಪಲ್ಲಗಳ ಕಾಲದಲ್ಲಿ ಊರಿಂದೂರಿಗೆ ಅಳತೆಯು ಭಿನ್ನವಾಗಿದ್ದಿತು. 1956ರ ಕಾಯಿದೆಯು ದೇಶಕ್ಕೆಲ್ಲ ಮೆಟ್ರಿಕ್ ಮಾನವನ್ನು ವಿಧಿಸಿತು. ಈಗ ನಡೆಯುತ್ತಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ; ಇದು 2011ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಇದರ ನಿಯಮಗಳಂತೆ ತೂಕದ ಕಲ್ಲುಗಳನ್ನು 24 ತಿಂಗಳಿಗೊಮ್ಮೆಯೂ, ಎಲೆಕ್ಟ್ರಾನಿಕ್ ತಕ್ಕಡಿ, ಲಾರಿ ತೂಗುವ ಕಾಟಾ ಹಾಗೂ ಇಂಧನದ ಪಂಪುಗಳನ್ನು 12 ತಿಂಗಳಿಗೊಮ್ಮೆಯೂ ಪರೀಕ್ಷೆಗೊಳಪಡಿಸಿ ಮುದ್ರೆ ಹಾಕಿಸತಕ್ಕದ್ದು. ಪರೀಕ್ಷೆಯ ಪ್ರಮಾಣಪತ್ರವು ಎಲ್ಲರಿಗೂ ಕಾಣುವಂತಿರಬೇಕು.

ಆದಕಾರಣ ತೂಗಿಸುವ ಮುನ್ನ ಮುದ್ರೆಯನ್ನೂ ಪ್ರಮಾಣಪತ್ರದ ತಾರೀಖನ್ನೂ ನೋಡಿರಿ. ತಕ್ಕಡಿಯು ಸಮತಲದಲ್ಲಿದ್ದು ಬರಿದಾಗಿರುವಾಗ ಸೊನ್ನೆಯನ್ನು ತೋರಬೇಕು. ಒಂದೇ ಚೀಲವನ್ನು ನಾಲ್ಕು ಮೂಲೆಗಳಲ್ಲಿಟ್ಟರೂ ತೂಕವು ಬದಲಾಗಕೂಡದು. ದೇವದುರ್ಗದಿಂದ ರಾಯಚೂರಿನ ಮಾರುಕಟ್ಟೆಗೆ ಹತ್ತಿಯನ್ನು ತರುವವರು ಅದನ್ನು ಇಳಿಸಿದ ಮೇಲೆ ಬರಿಯ ಗಾಡಿಯನ್ನೂ ಅದೇ ಕಾಟಾದಲ್ಲಿ ತೂಗಿಸಿ ಚೀಟಿ ಪಡೆಯತಕ್ಕದ್ದು.

ಟ್ರ್ಯಾಕ್ಟರು, ಕಟಾವಿನ ಯಂತ್ರಗಳು ಹೆಚ್ಚಿರುವುದರಿಂದ ಡೀಸೆಲ್ ಕೊಳ್ಳುವಾಗಲೂ ಇದೇ ಜಾಗ್ರತೆ ಬೇಕು. ಪಂಪಿನಲ್ಲಿ ಮುದ್ರೆಯುಳ್ಳ 5 ಲೀಟರಿನ ಅಳತೆಯ ಪಾತ್ರೆಯಿರುತ್ತದೆ. ಅದರಲ್ಲಿ ಅಳೆದು ತೋರಿಸೆಂದು ಕೇಳಲು ಗ್ರಾಹಕನಿಗೆ ಹಕ್ಕುಂಟು. 25 ಮಿಲಿಲೀಟರಿಗಿಂತ ಅಧಿಕ ಕೊರತೆಯು ಕಂಡರೆ ಅದು ದೋಷವೇ. ಸೀಮೆಎಣ್ಣೆ ಬೆರೆತ ಡೀಸೆಲಿಗೆ ಜಿಡ್ಡು ಕಡಮೆಯಾಗಿ ಎಂಜಿನಿನ ಇಂಧನ ಪಂಪು ಬೇಗ ಸವೆಯುತ್ತದೆ. ಸಂಶಯವಿದ್ದಲ್ಲಿ ಸಾಂದ್ರತೆಯನ್ನು ಅಳೆಯಿಸಿ, ಅಂಗಡಿಯ ದಾಖಲೆಯೊಡನೆ ಹೋಲಿಸಿ ನೋಡಬಹುದು.

ಕೃಷಿ ಇಲಾಖೆಯವರಿಗೆ ತಕ್ಕಡಿಯನ್ನು ಮುಟ್ಟುಗೋಲು ಹಾಕುವ ಅಧಿಕಾರವಿಲ್ಲ. ಅದು ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್‌ಸ್ಪೆಕ್ಟರರದು. ದೂರನ್ನು ಅವರಿಗೇ ಬರಹದ ಮೂಲಕ ಸಲ್ಲಿಸಬೇಕು. ಸಾಲದ ಹಂಗಿನಲ್ಲಿರುವ ಸಣ್ಣ ರೈತನು ವ್ಯಾಪಾರಿಯನ್ನು ಎದುರಿಸಿ ಮಾತನಾಡಲಾರನು. ಆದುದರಿಂದ ಗ್ರಾಮದ ಮುಖಂಡರೂ ಭೂಮಾಲಿಕರೂ ಸೇರಿ ಮುದ್ರೆಯುಳ್ಳ 20 ಕಿಲೋಗ್ರಾಮಿನ ಒಂದು ಕಲ್ಲನ್ನು ಊರಿಗಾಗಿ ಕೊಂಡು, ಸುಗ್ಗಿಯಲ್ಲಿ ಕಣಕ್ಕೆ ಬರುವ ಪ್ರತಿಯೊಂದು ತಕ್ಕಡಿಯನ್ನೂ ಮೊದಲು ಅದರಿಂದ ಪರೀಕ್ಷಿಸುವ ಪದ್ಧತಿಯನ್ನಿಡಬೇಕು. ಮಾನ್ವಿಯ ಆ ಗ್ರಾಮದವರು ಈ ಪದ್ಧತಿಯನ್ನು ಆಗಲೇ ಆರಂಭಿಸಿರುವರು.