ನಗಿಸಿದ ಮೆಹಮೂದ್, ಅಳಿಸಿದ ಅಪ್ಪ

ಮೆಹಮೂದ್ ಅಂದ್ರೆ ನಮ್ಮ ಹಿರಿಯರಿಗೆ ತಟ್ಟನೆ ನೆನಪಾಗೋದು 'ಪಡೋಸನ್' ಚಿತ್ರದ ಜುಟ್ಟಿನ ಸಂಗೀತ ಮೇಷ್ಟ್ರು. ಕಿಶೋರ್ ಕುಮಾರ್ ಜೊತೆ ಹಾಡಿನ ಜಗಳಕ್ಕೆ ಬಿದ್ದು ಸೋಲುವ ಆ ಮೇಷ್ಟ್ರನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕವರು ಎಷ್ಟು ಮಂದಿ! ಇದೇ ಮನುಷ್ಯ ಮನೆಯ ನೋವೊಂದನ್ನು ತೆರೆಗೆ ತಂದು ಜನರನ್ನು ಅಳಿಸಿದ್ದೂ ಉಂಟು. ಆ ಕಥೆ ಗೊತ್ತಿರುವವರು ಕಡಿಮೆ.

ಮೆಹಮೂದ್ ಹುಟ್ಟಿದ್ದು 1932ರ ಸೆಪ್ಟೆಂಬರ್ 29ರಂದು ಮುಂಬೈಯಲ್ಲಿ. ತಂದೆ ಮುಮ್ತಾಜ್ ಅಲಿ ಬಾಂಬೆ ಟಾಕೀಸ್‌ನ ಹೆಸರಾಂತ ನೃತ್ಯಗಾರ, ನಟ. ತಂಗಿ ಮೀನೂ ಮುಮ್ತಾಜ್ ಕೂಡ ಮುಂದೆ ಸಿನಿಮಾದಲ್ಲಿ ಹೆಸರು ಮಾಡಿದರು. 1943ರ 'ಕಿಸ್ಮತ್' ಚಿತ್ರದಲ್ಲಿ ಅಶೋಕ್ ಕುಮಾರ್ ಅವರ ಬಾಲ್ಯದ ಪಾತ್ರದಲ್ಲಿ ಕಾಣಿಸಿಕೊಂಡವನು ಇದೇ ಹುಡುಗ.

ಆದರೆ ತಂದೆಯ ಹೆಸರು ಮಗನಿಗೆ ಅನ್ನ ಕೊಡಲಿಲ್ಲ. ದೊಡ್ಡ ಸಂಸಾರ, ಕೈಯಲ್ಲಿ ಕಾಸಿಲ್ಲ. ಮೆಹಮೂದ್ ಮೊಟ್ಟೆ ಮಾರಿದರು. ನಿರ್ದೇಶಕ ಪಿ.ಎಲ್. ಸಂತೋಷಿ ಅವರ ಕಾರು ಓಡಿಸಿದರು. ನಟಿ ಮೀನಾ ಕುಮಾರಿಗೆ ಟೇಬಲ್ ಟೆನಿಸ್ ಕಲಿಸಲು ಹೋಗಿ, ಅವರ ತಂಗಿ ಮಧು ಅವರನ್ನು ಮದುವೆಯಾದರು. ಸಂಸಾರ ಆದ ಮೇಲೆ ಸುಮ್ಮನೆ ಕೂರೋದಕ್ಕಾಗುತ್ತಾ? ನಟನೆಗೇ ಬಂದರು. 'ದೋ ಬಿಘಾ ಜಮೀನ್', 'ಸಿ.ಐ.ಡಿ.', 'ಪ್ಯಾಸಾ' ಈ ಹೆಸರಾಂತ ಚಿತ್ರಗಳಲ್ಲೆಲ್ಲ ಅವರು ಇದ್ದಾರೆ. ಆದರೆ ಪಾತ್ರ ಚಿಕ್ಕದು, ಹುಡುಕಿ ನೋಡಬೇಕು.

ಹೀರೋಗಳಿಗೆ ಹೆದರಿಕೆ

1958ರ 'ಪರವರಿಶ್', ಮರುವರ್ಷದ 'ಛೋಟಿ ಬಹೆನ್' ಬಂದ ಮೇಲೆ ದಾರಿ ತೆರೆಯಿತು. 'ದಿಲ್ ತೇರಾ ದೀವಾನಾ' ಚಿತ್ರಕ್ಕೆ ಪೋಷಕ ನಟನ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 1966ರ 'ಪ್ಯಾರ್ ಕಿಯೇ ಜಾ'ದಲ್ಲಿ ಓಂ ಪ್ರಕಾಶ್ ಅವರನ್ನು ಕೂರಿಸಿಕೊಂಡು ದೆವ್ವದ ಕಥೆ ಹೇಳುವ ದೃಶ್ಯ ಇದೆಯಲ್ಲ, ಇವತ್ತು ನೋಡಿದರೂ ನಗು ತಡೆಯೋದು ಕಷ್ಟ. ಬಾಗಿಲಿನ ಕಿರ್ರೆನ್ನುವ ಸದ್ದು, ಗಾಳಿಯ ಸದ್ದು, ಎಲ್ಲವೂ ಅವರ ಬಾಯಲ್ಲೇ. ಆ ಚಿತ್ರ ಅವರಿಗೆ ಹಾಸ್ಯನಟನ ಫಿಲ್ಮ್‌ಫೇರ್ ತಂದಿತು.

ಪೋಸ್ಟರ್‌ನಲ್ಲಿ ಹೀರೋನ ಪಕ್ಕದಲ್ಲೇ ಮೆಹಮೂದ್ ಮುಖ ಇರಬೇಕು ಎಂದು ಹಂಚಿಕೆದಾರರು ಕೇಳುತ್ತಿದ್ದ ಕಾಲ ಅದು. ಇವರ ಎದುರು ನಿಲ್ಲಲು ಕೆಲವು ನಾಯಕರಿಗೆ ಅಂಜಿಕೆ ಇತ್ತು ಎಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಇದೆ.

ಒಂದು ಮಾತು ಹೇಳಲೇಬೇಕು. ದಕ್ಷಿಣದವರ ಹಿಂದಿಯನ್ನು ಎಳೆದೆಳೆದು ಆಡಿ ನಗಿಸಿದ್ದು ನಮ್ಮ ಕಡೆಯವರಿಗೆ ಸ್ವಲ್ಪ ಚುಚ್ಚುವಂಥದ್ದೇ. 'ಮದ್ರಾಸಿ' ಅಂದ್ರೆ ಹೀಗೇ ಎಂದು ಉತ್ತರದವರ ತಲೆಯಲ್ಲಿ ಕೂತದ್ದರಲ್ಲಿ ಇಂಥ ಪಾತ್ರಗಳ ಪಾಲೂ ಇದೆ. ಆದರೂ ಅದೇ 'ಪಡೋಸನ್' ನಮ್ಮವರಿಗೂ ಇಷ್ಟವಾಯಿತು. 2004ರಲ್ಲಿ ಕನ್ನಡದಲ್ಲಿ 'ಪಕ್ಕದ್ಮನೆ ಹುಡುಗಿ'ಯಾಗಿ ಮತ್ತೆ ಬಂತು.

ಕೈ ಹಿಡಿದು ಮೇಲೆತ್ತಿದವರು

ಹಣ ಕೈಗೆ ಬಂದ ಮೇಲೆ ಮೆಹಮೂದ್ ನಿರ್ಮಾಪಕರಾದರು. 1961ರ 'ಛೋಟೆ ನವಾಬ್' ಚಿತ್ರಕ್ಕೆ ಸಂಗೀತ ಕೇಳಿಕೊಂಡು ಎಸ್.ಡಿ. ಬರ್ಮನ್ ಮನೆಗೆ ಹೋದರೆ ಅವರಿಗೆ ಪುರುಸೊತ್ತಿಲ್ಲ. ಅಲ್ಲೇ ತಬಲಾ ಬಾರಿಸುತ್ತಿದ್ದ ಮಗನನ್ನು ಕಂಡು ಅವನಿಗೇ ಕೆಲಸ ಕೊಟ್ಟರಂತೆ. ಆ ಹುಡುಗನೇ ಆರ್.ಡಿ. ಬರ್ಮನ್. ಮೆಹಮೂದ್ 1965ರಲ್ಲಿ ತಾವೇ ನಿರ್ದೇಶಿಸಿದ 'ಭೂತ್ ಬಂಗ್ಲಾ'ದಲ್ಲಿ ಅವರನ್ನು ತೆರೆಯ ಮೇಲೂ ಕುಣಿಸಿದರು.

ಅಮಿತಾಭ್ ಬಚ್ಚನ್ ಕಥೆಯೂ ಹೀಗೇ. 'ಸಾತ್ ಹಿಂದೂಸ್ತಾನಿ' ಚಿತ್ರದಲ್ಲಿ ಜೊತೆಗಿದ್ದ ಅನ್ವರ್ ಅಲಿ ಮೆಹಮೂದ್ ಅವರ ತಮ್ಮ. ಆ ಸ್ನೇಹದಿಂದ ಅಮಿತಾಭ್ ಇವರ ಮನೆಯಲ್ಲೇ ಉಳಿದುಕೊಂಡಿದ್ದರು. ಚಿತ್ರಗಳು ಸಾಲಾಗಿ ಸೋಲುತ್ತಿದ್ದಾಗ, 1972ರ 'ಬಾಂಬೆ ಟು ಗೋವಾ'ದಲ್ಲಿ ಅವರನ್ನು ನಾಯಕನನ್ನಾಗಿ ಮಾಡಿದವರು ಮೆಹಮೂದ್. ಅದರ ಹೊಡೆದಾಟದ ದೃಶ್ಯ ನೋಡಿಯೇ ಸಲೀಂ–ಜಾವೇದ್ ಅವರಿಗೆ 'ಜಂಜೀರ್' ನಾಯಕ ಸಿಕ್ಕಿದ್ದು.

ಮಗನ ಕಾಲು, ಅಪ್ಪನ ಚಿತ್ರ

ಇನ್ನು 'ಕುಂವಾರಾ ಬಾಪ್' ವಿಷಯ. ಮೆಹಮೂದ್ ಅವರ ಮಕ್ಕಳಲ್ಲಿ ಒಬ್ಬನಾದ ಮಖ್ದೂಮ್ ಅಲಿ, ಮನೆಯವರ ಮ್ಯಾಕಿ, ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡಿದ್ದ. ದುಡ್ಡು, ಹೆಸರು, ಬೇಕಾದ ಡಾಕ್ಟರು ಎಲ್ಲ ಇದ್ದರೂ ಹೋದ ಬಲ ಮರಳಿ ಬರಲಿಲ್ಲ. ಇಂಥ ನೋವನ್ನು ನಾಲ್ಕು ಗೋಡೆಯೊಳಗೆ ಮುಚ್ಚಿಡುವವರೇ ಹೆಚ್ಚು. ಮೆಹಮೂದ್ 1974ರಲ್ಲಿ ಅದನ್ನೇ ಚಿತ್ರ ಮಾಡಿದರು. ತಾವೇ ನಿರ್ದೇಶಕ, ತಾವೇ ನಾಯಕ.

ಕಥೆ ಸರಳ. ಯಾರೋ ಬಿಟ್ಟುಹೋದ ಹಸುಗೂಸು ಬಡ ರಿಕ್ಷಾವಾಲಾನ ಪಾಲಿಗೆ ಬರುತ್ತದೆ. ಮದುವೆಯಾಗದ ಅವನು ಅದನ್ನು ಸಾಕುತ್ತಾನೆ. ಲಸಿಕೆ ಎಂಬುದೊಂದಿದೆ ಎಂದು ಅವನಿಗೆ ಗೊತ್ತಿಲ್ಲ. ಮಗುವಿಗೆ ಪೋಲಿಯೊ ತಗಲುತ್ತದೆ. ಆ ಮಗುವಾಗಿ ನಟಿಸಿದ್ದು ಬೇರೆ ಯಾರೂ ಅಲ್ಲ, ಮ್ಯಾಕಿಯೇ. ತನ್ನದೇ ಮಗ ಕುಂಟುತ್ತಾ ಬರುವುದನ್ನು ಕ್ಯಾಮೆರಾ ಎದುರು ನಿಲ್ಲಿಸಲು ಒಬ್ಬ ಅಪ್ಪನಿಗೆ ಎಂಥ ಗಟ್ಟಿ ಮನಸ್ಸು ಬೇಕು, ಯೋಚಿಸಿ.

ದೇಶದಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮ ಶುರುವಾಗಿದ್ದು 1978ರಲ್ಲಿ. ಪಲ್ಸ್ ಪೋಲಿಯೊ ಬಂದದ್ದು 1995ರಲ್ಲಿ. ಅದಕ್ಕೆಲ್ಲ ಮೊದಲೇ, ಟಿಕೆಟ್ ತೆಗೆದುಕೊಂಡು ನಗಲು ಬಂದ ಜನರಿಗೆ 'ಮಗುವಿಗೆ ಲಸಿಕೆ ಹಾಕಿಸಿ' ಎಂದು ಹೇಳಿ ಕಳಿಸಿದವರು ಈ ಹಾಸ್ಯನಟ.

ಆಮೇಲೆ ಕಾಲ ಬದಲಾಯಿತು. ಹೀರೋಗಳೇ ಕಾಮಿಡಿ ಮಾಡತೊಡಗಿದಾಗ ಹಾಸ್ಯನಟರಿಗೆ ಜಾಗ ಕಡಿಮೆಯಾಯಿತು. 'ಗಿನ್ನಿ ಔರ್ ಜಾನಿ', 'ಏಕ್ ಬಾಪ್ ಛೇ ಬೇಟೆ', 'ಜನತಾ ಹವಾಲ್ದಾರ್' ನಿರ್ದೇಶಿಸಿದರೂ ಹಳೆಯ ದಿನಗಳು ಮರಳಲಿಲ್ಲ. ಕೊನೆಗೆ 1996ರಲ್ಲಿ ಬಂದ 'ದುಶ್ಮನ್ ದುನಿಯಾ ಕಾ' ಮಾದಕ ವಸ್ತುವಿನ ಚಟದ ಬಗ್ಗೆ. ಅಲ್ಲೂ ನಾಯಕ ಮಗ ಮಂಜೂರ್ ಅಲಿ. ಅದೇ ವರ್ಷ ಇನ್ನೊಬ್ಬ ಮಗ ಲಕ್ಕಿ ಅಲಿ 'ಸುನೋ' ಆಲ್ಬಂ ತಂದು ಮನೆಮಾತಾದರು. ಬೆಂಗಳೂರಿನ ಯಲಹಂಕ ಕಡೆಯ ತೋಟದಿಂದಾಗಿ ಈ ಕುಟುಂಬಕ್ಕೆ ನಮ್ಮ ನಾಡಿನ ನಂಟೂ ಇದೆ.

2004ರ ಜುಲೈ 23ರಂದು, ಚಿಕಿತ್ಸೆಗೆಂದು ಹೋಗಿದ್ದ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮೆಹಮೂದ್ ನಿದ್ದೆಯಲ್ಲೇ ತೀರಿಕೊಂಡರು. 71 ವರ್ಷ ವಯಸ್ಸು. ಹತ್ತು ವರ್ಷದ ನಂತರ, 2014ರ ಮಾರ್ಚ್‌ನಲ್ಲಿ, ಭಾರತ ಪೋಲಿಯೊಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಅದನ್ನು ನೋಡಲು ಅವರಿರಲಿಲ್ಲ. ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು 'ಪಡೋಸನ್' ನೋಡಿ ನಗಿ. ಮರುದಿನ ಒಮ್ಮೆ 'ಕುಂವಾರಾ ಬಾಪ್' ಕೂಡ ಹಾಕಿ.