ಮೋಡವನ್ನು ಕೇಳಿದ ಕಿವಿ

1880ನೆಯ ಇಸವಿ ಜೂನ್ 3ರಂದು ವಾಷಿಂಗ್‌ಟನ್ ನಗರದ ಫ್ರಾಂಕ್ಲಿನ್ ಶಾಲೆಯ ಮೇಲುಪ್ಪರಿಗೆಯಿಂದ ಚಾರ್ಲ್ಸ್ ಸಮ್ನರ್ ಟೇಂಟರನೆಂಬ ಯಂತ್ರಕುಶಲನು, ತನ್ನ ಮಾತು ಕೇಳಿಸಿದ್ದಾದರೆ ಕಿಟಕಿಗೆ ಬಂದು ಟೋಪಿಯನ್ನು ಬೀಸಬೇಕೆಂದು, 213 ಮೀಟರು ದೂರದ ಪ್ರಯೋಗಶಾಲೆಯಲ್ಲಿ ಕಿವಿಗೊಟ್ಟಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮಹಾಶಯನಿಗೆ ಹೇಳಿಕಳುಹಿದನು; ಬೆಲ್ ಬಂದು ಟೋಪಿ ಬೀಸಿದನು. ಇಬ್ಬರ ನಡುವೆ ತಂತಿಯಿರಲಿಲ್ಲ, ಬಿಸಿಲಿತ್ತು.

ಕನ್ನಡಿಯಿಂದ ಬಿಸಿಲನ್ನು ಮಿನುಗಿಸಿ ಸಂಕೇತ ಕಳುಹುವ ಹೀಲಿಯೋಗ್ರಾಫನ್ನು ಬ್ರಿಟಿಷರ ಸೇನೆಯು ಆ ವೇಳೆಗಾಗಲೇ ಆಫ್ಘನ್ ಯುದ್ಧದಲ್ಲಿ ಬಳಸುತ್ತಿದ್ದಿತು. ಆದರೆ ಮಿನುಗಿನ ಸಂಕೇತವೇ ಬೇರೆ, ಮನುಷ್ಯಕಂಠದ ಏರಿಳಿತವೇ ಬೇರೆ; ಎರಡನೆಯದಕ್ಕೆ ಬೆಳಕಿನ ಸೂಕ್ಷ್ಮವಾದ ಹೆಚ್ಚುಕಡಮೆಯನ್ನು ಅರಿಯಬಲ್ಲ ವಸ್ತುವೊಂದು ಬೇಕು. ಅದು ದೊರೆತದ್ದು ಆಕಸ್ಮಿಕವಾಗಿ. ಸಮುದ್ರದಡಿಯ ತಂತಿಗಳ ಪರೀಕ್ಷೆಗೆಂದು ವಿಲೋಬಿ ಸ್ಮಿತ್ ಬಳಸಿದ ಸೆಲೆನಿಯಮ್ ಕಡ್ಡಿಗಳ ವಿದ್ಯುನ್ನಿರೋಧವು, ಬೆಳಕು ಬಿದ್ದೊಡನೆ ಕುಗ್ಗುವುದೆಂಬುದು 1873ರಲ್ಲಿ ಪ್ರಕಟವಾಯಿತು.

ಬೆಲ್ ಮತ್ತು ಟೇಂಟರರ ಫೋಟೋಫೋನೆಂಬ ಯಂತ್ರದಲ್ಲಿ, ಆಡುವವನ ದನಿ ತೆಳುವಾದ ಕನ್ನಡಿಯ ಬೆನ್ನಿಗೆ ತಾಗಿ ಅದನ್ನು ಉಬ್ಬಿಸಿ ತಗ್ಗಿಸಿದಂತೆಲ್ಲ, ಅದರಿಂದ ಪುಟಿದ ಬಿಸಿಲು ಒಮ್ಮೆ ಹರಡುತ್ತ ಒಮ್ಮೆ ಕೂಡಿಕೊಳ್ಳುತ್ತ ಸಾಗಿ, ದೂರದ ಬೋಗುಣಿಯಾಕಾರದ ಕನ್ನಡಿಯ ನಡುವಣ ಸೆಲೆನಿಯಮ್ಮಿನ ಮೇಲೆ ಬೀಳುತ್ತಿತ್ತು; ಅಲ್ಲಿಂದಾಚೆಗೆ ಬ್ಯಾಟರಿ ಮತ್ತು ಟೆಲಿಫೋನು. ಸೂರ್ಯಕಿರಣವು ನಗುವುದನ್ನೂ ಕೆಮ್ಮುವುದನ್ನೂ ಹಾಡುವುದನ್ನೂ ಕೇಳಿದೆನೆಂದು ಬೆಲ್ ತನ್ನ ತಂದೆಗೆ ಬರೆದನು. ಆಗತಾನೆ ಹುಟ್ಟಿದ ಮಗಳಿಗೆ ಈ ಯಂತ್ರದ ಹೆಸರನ್ನೇ ಇಡಹೊರಟನಂತೆ. ಹೆಂಡತಿ ಒಪ್ಪಲಿಲ್ಲ, ಕೂಸು ಮೇರಿಯನ್ ಆಗಿ ಬದುಕಿಕೊಂಡಿತು. ಟೆಲಿಫೋನಿಗಿಂತಲೂ ಈ ಯಂತ್ರವೇ ದೊಡ್ಡದೆಂದು ಆತನು ಕಡೆಯವರೆಗೆ ನಂಬಿದ್ದುದು, ನನಗೆ, ತಂದೆಯು ಬಡಕಲು ಮಗುವನ್ನೇ ಹೆಚ್ಚು ಮುದ್ದಿಸಿದಂತೆ ತೋರುತ್ತದೆ.

ಏಕೆಂದರೆ ತಂದೆಗೆ ಬರೆದ ಅದೇ ಪತ್ರದಲ್ಲಿ, ಸೂರ್ಯಬಿಂಬವನ್ನು ಮೋಡವೊಂದು ಹಾಯ್ದುಹೋದುದನ್ನು ಕಿವಿಯಿಂದಲೇ ಅರಿತೆನೆಂದು ಆತನು ಹಿಗ್ಗಿದ್ದನು; ಹಿಗ್ಗಿಗೆ ಕಾರಣವಾದ ಆ ಮೋಡವೇ, ಮಂಜು ಮಳೆಗಳೊಡನೆ ಸೇರಿ, ಯಂತ್ರವನ್ನು ಮೂಲೆಗೊತ್ತಿತು. ಮೋಡಕ್ಕೆ ಅಂಜದ ರೇಡಿಯೋ ಬಂದಿತು. 1960ರಲ್ಲಿ ಲೇಸರು ಹುಟ್ಟಿದ ಮೇಲೂ ಬೆಳಕನ್ನು ಗಾಜಿನ ಎಳೆಯೊಳಗೆ ಹುದುಗಿಸಿಯೇ ಊರೂರಿಗೆ ಒಯ್ದರು.

ಬಯಲಿನ ಬೆಳಕು ಮತ್ತೆ ಮಾತಾಡಿದ್ದು ಆಕಾಶದಲ್ಲಿ. 2013ರಲ್ಲಿ ಚಂದ್ರನನ್ನು ಸುತ್ತುತ್ತಿದ್ದ ನಾಸಾದ ಲ್ಯಾಡೀ ನೌಕೆಯು ಲೇಸರ್ ಕಿರಣದಿಂದ ಸೆಕೆಂಡಿಗೆ 62 ಕೋಟಿ 20 ಲಕ್ಷ ಬಿಟ್‌ಗಳನ್ನು ಭೂಮಿಗೆ ಕಳುಹಿತು. ಅವನ್ನು ಹಿಡಿಯಲು ನ್ಯೂ ಮೆಕ್ಸಿಕೋದಲ್ಲೊಂದು ನಿಲ್ದಾಣವಿದ್ದಿತು; ಅಲ್ಲಿ ಮೋಡ ಕವಿದೀತೆಂದು ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದನ್ನೂ, ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಮತ್ತೊಂದನ್ನೂ ಸಜ್ಜುಗೊಳಿಸಿದ್ದರು.